ಫೀಡ್‌ಸ್ಟಾಕ್: ಗುಜರಿ ಲೋಹ ತ್ರೀಡಿ ಮುದ್ರಣದ ಪುಡಿಯಾಗುವ ಬಗೆ

ಯಂತ್ರಕ್ಕೆ ನೇರವಾಗಿ ಉಣಿಸಲು ಹದಗೊಳಿಸಿದ ಕಚ್ಚಾವಸ್ತುವೇ ಫೀಡ್‌ಸ್ಟಾಕ್. ಸಂಡೂರಿನ ನುಣ್ಣನೆಯ ಅದಿರಿನ ಪುಡಿಯನ್ನು ತೋರಣಗಲ್ಲಿನ ಊದುಕುಲುಮೆಗೆ ಹಾಗೆಯೇ ಸುರಿಯಲಾಗದು. ಪೆಲೆಟ್ (ಸಣ್ಣ ಉಂಡೆ) ಅಥವಾ ಸಿಂಟರ್ (ಬಿಸಿಗೆ ಬೆಸೆದುಕೊಂಡ ಹೆಂಟೆ) ಆಗಿ ಗಟ್ಟಿಗೊಂಡ ಮೇಲೆ ಅದು ಕುಲುಮೆಯ ಫೀಡ್‌ಸ್ಟಾಕ್ ಆಗುತ್ತದೆ. ಪದರದ ಮೇಲೆ ಪದರ ಕೂಡಿಸಿ ಬಿಡಿಭಾಗ ಕಟ್ಟುವ ಲೋಹದ ತ್ರೀಡಿ ಮುದ್ರಣಕ್ಕಾದರೋ ಪುಡಿಯೇ ಬೇಕು, ಅದೂ ಬಹಳ ಕಟ್ಟುನಿಟ್ಟಾದ ಪುಡಿ. ಪುಡಿಯನ್ನು ಹಾಸಿ ಲೇಸರ್‌ನಿಂದ ಕರಗಿಸುವ ಯಂತ್ರಗಳಲ್ಲಿ ಕಣದ ಗಾತ್ರ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕಣ ಗುಂಡಗಿರದಿದ್ದರೆ ಪದರ ಸಮನಾಗಿ ಹರಡದೆ ಒಳಗೆ ಸಣ್ಣ ತೂತುಗಳು ಉಳಿಯುತ್ತವೆ.

ಬಳ್ಳಾರಿಯ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಅಂಗಡಿಗಳಲ್ಲಿ ಶಾಫ್ಟ್ (ತಿರುಗುವ ದಂಡ), ಬುಷ್ (ದಂಡ ಕೂರುವ ಬಳೆ) ಕಡೆಯುವಾಗ ಉದುರುವ ಸುರುಳಿ ಚೂರು ಈ ಪುಡಿಯಾಗಬಲ್ಲದೇ? ಆಗಬಲ್ಲದು. ಒಂದು ದಾರಿಯಲ್ಲಿ ಚೂರನ್ನು ಕರಗಿಸಿ, ಸಣ್ಣ ಧಾರೆಯಾಗಿ ಬಿಟ್ಟು, ಅದರ ಮೇಲೆ ಆರ್ಗಾನ್ ಅಥವಾ ನೈಟ್ರೋಜನ್ ಅನಿಲವನ್ನು ರಭಸದಿಂದ ಹಾಯಿಸುತ್ತಾರೆ. ಧಾರೆ ಸಿಡಿದು, ಹನಿಗಳು ಬೀಳುತ್ತಲೇ ಗುಂಡಗೆ ಹೆಪ್ಪುಗಟ್ಟುತ್ತವೆ. ಇನ್ನೊಂದರಲ್ಲಿ ಎಣ್ಣೆ ತೊಳೆದು ಒಣಗಿಸಿದ ಚೂರನ್ನು ಗುಂಡುಗಳಿರುವ ಗಿರಣಿಯಲ್ಲಿ ಕುಟ್ಟುತ್ತಾರೆ. ಕರಗಿಸುವ ಖರ್ಚು ಉಳಿಯುತ್ತದೆ, ಆದರೆ ಕಣ ಒರಟು.

ನನಗೆ ಇವೆರಡಕ್ಕಿಂತ ಮುಖ್ಯವಾಗಿ ಕಾಣುವುದು ಲೇತಿನ ಕೆಳಗಿನ ತಟ್ಟೆ. ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾಧಾರಣ ಮೆದು ಉಕ್ಕು), ಸ್ಟೇನ್‌ಲೆಸ್ ಉಕ್ಕು, ಹಿತ್ತಾಳೆ ಎಲ್ಲವೂ ಒಂದೇ ಚೀಲ ಸೇರಿದರೆ ಅಲ್ಲಿಗೇ ಅರ್ಧ ಬೆಲೆ ಹೋದಂತೆ. ಹಿತ್ತಾಳೆಯ ತಾಮ್ರ ಉಕ್ಕಿನಲ್ಲಿ ಒಮ್ಮೆ ಕರಗಿತೆಂದರೆ ಆಮ್ಲಜನಕ ಊದಿ ಅದನ್ನು ಹೊರಹಾಕಲು ಬರುವುದಿಲ್ಲ. ಏಕೆಂದರೆ ತಾಮ್ರಕ್ಕಿಂತ ಮೊದಲು ಕಬ್ಬಿಣವೇ ಉರಿದುಹೋಗುತ್ತದೆ. ಚೂರಿಗೆ ಹತ್ತಿದ ಕೂಲೆಂಟ್ (ಕಡೆಯುವಾಗ ತಂಪಿಗೆ ಸುರಿಯುವ ದ್ರವ) ಮತ್ತು ತುಕ್ಕು ಕೂಡ ಇಂಗಾಲ, ಆಮ್ಲಜನಕಗಳನ್ನು ಒಳಗೆ ಬಿಟ್ಟು ಲೋಹವನ್ನು ಪೆಡಸಾಗಿಸಬಹುದು. ಯಾವ ದರ್ಜೆಯ ಲೋಹವೆಂದು ಚೀಟಿ ಅಂಟಿಸಿ ಬೇರೆ ಬೇರೆ ಡಬ್ಬಿಯಲ್ಲಿಟ್ಟ ಚೂರಿಗೆ ಮಾತ್ರ ಫೀಡ್‌ಸ್ಟಾಕ್ ಆಗುವ ಯೋಗ್ಯತೆ ಇದೆ.

ಉಳಿತಾಯವಂತೂ ನಿಜ: ಹಳೆಯ ಅಲ್ಯೂಮಿನಿಯಂ ಕರಗಿಸಲು, ಅದನ್ನು ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಷ್ಟು ಸಾಕು. ಹಾಗೆಂದು ಅಂಗಡಿಯಲ್ಲೇ ಅದನ್ನು ಪುಡಿ ಮಾಡಲು ಹೋಗಬಾರದು. ಗಾಳಿಯಲ್ಲಿ ಎದ್ದ ನುಣ್ಣನೆಯ ಅಲ್ಯೂಮಿನಿಯಂ ದೂಳು ಒಂದು ಕಿಡಿಗೆ ಸ್ಫೋಟಿಸುತ್ತದೆ.

ನಮ್ಮ ಭಾಗಕ್ಕೆ ಮೊದಲು ಒದಗಬಹುದಾದದ್ದು ಕೊಳವೆಯಿಂದ ಪುಡಿ ಊದುತ್ತಾ ಲೇಸರ್‌ನಲ್ಲಿ ಕರಗಿಸುವ ವಿಧಾನ. ಅದಕ್ಕೆ 50ರಿಂದ 150 ಮೈಕ್ರಾನಿನ ದಪ್ಪ ಪುಡಿ ನಡೆಯುತ್ತದೆ. ತೋರಣಗಲ್ಲು, ಗಿಣಿಗೇರಿಯ ಕಾರ್ಖಾನೆಗಳಲ್ಲಿ ಸವೆದ ಶಾಫ್ಟನ್ನು ಎಸೆಯದೆ, ಸವೆದಷ್ಟು ಜಾಗಕ್ಕೆ ಮಾತ್ರ ಲೋಹ ತುಂಬಿ ಮತ್ತೆ ಲೇತಿಗೆ ಏರಿಸಬಹುದು.