ಪಾಪುವಿಗೆ ಎಂಥ ಪಾಪ?

ಮೊನ್ನೆ ಕಾಸರಗೋಡಿನ ಬೇಳ ಇಗರ್ಜಿಯಲ್ಲಿ ಪಕ್ಕದ ಮನೆಯ ಮಗುವಿಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ. ಪಾದ್ರಿಗಳು ತಲೆಗೆ ನೀರು ಹೊಯ್ದದ್ದೇ ತಡ, ಕೂಸು ಕಿಟಾರನೆ ಕಿರುಚಿತು. "ಅಯ್ಯೋ ಪಾಪ" ಅಂದೆ. "ಪಾಪ ಹೋಯ್ತಲ್ಲ" ಎಂದು ಅದರ ಅಜ್ಜಿ ನಕ್ಕರು. ಅವರು ಹೇಳಿದ್ದು ಜನ್ಮಪಾಪದ ಮಾತು: ಮೊದಲ ಮನುಷ್ಯ ಆದಾಮನ ತಪ್ಪಿನಿಂದ ಎಲ್ಲರಿಗೂ ಹುಟ್ಟಿನಿಂದಲೇ ಅಂಟುವ ಪಾಪ. ಆದರೆ ನಲವತ್ತು ದಿನದ ಪಾಪು ಎಂಥ ಪಾಪ ಮಾಡಿರುತ್ತದೆ?

ಇದೇ ಪ್ರಶ್ನೆ ಹಿಡಿದು 1600 ವರ್ಷಗಳ ಹಿಂದೆ ಇಬ್ಬರು ದೊಡ್ಡ ಜಗಳವನ್ನೇ ಆಡಿದ್ದರು. ಒಬ್ಬರು ಬ್ರಿಟನ್ ಕಡೆಯಿಂದ ರೋಮಿಗೆ ಬಂದ ವಿರಾಗಿ ಪೆಲಾಜಿಯಸ್. ಇನ್ನೊಬ್ಬರು ಉತ್ತರ ಆಫ್ರಿಕಾದ ಹಿಪ್ಪೋದ ಬಿಷಪ್ ಅಗಸ್ಟೀನ್. 'ನಮ್ಮ ಹುಟ್ಟೇ ಹೀಗೆ, ಏನು ಮಾಡುವುದು' ಅನ್ನುವ ನೆಪ ಪೆಲಾಜಿಯಸ್‌ಗೆ ಹಿಡಿಸಲಿಲ್ಲ. ಆಗದ ಕೆಲಸವನ್ನು ದೇವರು ಮಾಡು ಅನ್ನುತ್ತಾನಾ? ಆದಾಮ ಕೆಟ್ಟ ದಾರಿ ತೋರಿಸಿದ, ಅಷ್ಟೆ. ಅವನ ತಪ್ಪು ಮಗುವಿನ ತಲೆಗೆ ಬರುವುದಿಲ್ಲ ಎಂಬುದು ಅವರ ವಾದ.

ಬರುತ್ತದೆ ಎಂದವರು ಅಗಸ್ಟೀನ್. ಈ ಜಗಳಕ್ಕೂ ಮೊದಲೇ ಅವರು ತಮ್ಮ ಆತ್ಮಕಥೆಯಲ್ಲಿ ಒಂದು ಕೂಸಿನ ಬಗ್ಗೆ ಬರೆದಿದ್ದರು. ಅದಕ್ಕಿನ್ನೂ ಮಾತು ಬಾರದು. ಆದರೂ ಇನ್ನೊಂದು ಕೂಸು ಹಾಲು ಕುಡಿಯುವುದನ್ನು ನೋಡಿ ಬಿಳಿಚಿಕೊಂಡು ದುರುಗುಟ್ಟುತ್ತದೆ. ಅವಳಿ ಮಕ್ಕಳ ತಾಯಂದಿರು ಹೌದೆಂದು ತಲೆಯಾಡಿಸಿಯಾರು! ಆದರೆ ಅಗಸ್ಟೀನರ ನಿಜವಾದ ಪಟ್ಟು ಬೇರೆ. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ರೂಢಿ ಆಗಲೇ ಇತ್ತು. ಪಾಪವೇ ಇಲ್ಲದಿದ್ದರೆ ನೀರು ಯಾಕೆ? ರೂಢಿ ಮೊದಲು ಬಂತು, ತತ್ವ ಆಮೇಲೆ ಗಟ್ಟಿಯಾಯಿತು ಅಂತ ನನಗನ್ನಿಸುತ್ತದೆ.

ಒಂದು ಚಿಕ್ಕ ಪದದ ಪಾಲೂ ಇದರಲ್ಲಿದೆ. ಬೈಬಲಿನಲ್ಲಿ ಪೌಲ ರೋಮಿನವರಿಗೆ ಗ್ರೀಕಿನಲ್ಲಿ ಬರೆದ ಪತ್ರದ 5ನೇ ಅಧ್ಯಾಯ, 12ನೇ ವಚನ. 'ಎಲ್ಲರೂ ಪಾಪ ಮಾಡಿದ್ದರಿಂದ' ಮರಣ ಎಲ್ಲರಿಗೂ ಬಂತು ಎಂದು ಗ್ರೀಕ್ ಬಲ್ಲ ಹೆಚ್ಚಿನವರು ಓದುತ್ತಾರೆ. ಅಗಸ್ಟೀನರ ಲ್ಯಾಟಿನ್ ಪ್ರತಿಯಲ್ಲಿ ಅದನ್ನು 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಎಂದು ಓದಬಹುದಿತ್ತು. ಅಂದರೆ ಆದಾಮನೊಳಗೆ ನಾವೆಲ್ಲ ಇದ್ದೆವು. ಅವರ ಗ್ರೀಕ್ ಅಷ್ಟಕ್ಕಷ್ಟೆ. ನಮ್ಮ ಕನ್ನಡ ಸತ್ಯವೇದ ಗ್ರೀಕಿನ ದಾರಿಯನ್ನೇ ಹಿಡಿದಿದೆ.

415ರಲ್ಲಿ ಪ್ಯಾಲೆಸ್ಟೀನಿನ ಬಿಷಪರ ಸಭೆ ಪೆಲಾಜಿಯಸ್ ತಪ್ಪಿತಸ್ಥರಲ್ಲ ಎಂದಿತು. 418ರಲ್ಲಿ ಕಾರ್ಥೇಜಿನ ಸಭೆ ಆ ಬೋಧನೆಯನ್ನೇ ಖಂಡಿಸಿತು. ಸೋತ ಮೇಲೆ ಪೆಲಾಜಿಯಸ್‌ರ ಎಷ್ಟೋ ಮಾತು ಉಳಿದದ್ದು ಎದುರಾಳಿಗಳ ಪುಸ್ತಕಗಳಲ್ಲಿ, ತುಂಡು ತುಂಡಾಗಿ. ಇದು ನ್ಯಾಯವೇನಲ್ಲ.

ಜಗಳದ ಉಳಿಕೆ ಕಾಸರಗೋಡಿನಲ್ಲೇ ಕಾಣುತ್ತದೆ. ಈ ಪ್ರದೇಶ 1956ರಲ್ಲಿ ಕೇರಳಕ್ಕೆ ಸೇರಿದರೂ ಬೇಳ ಇಗರ್ಜಿ ಈಗಲೂ ಮಂಗಳೂರು ಕ್ಯಾಥೊಲಿಕ್ ಧರ್ಮಪ್ರಾಂತ್ಯದ್ದು. ಅಲ್ಲಿ ನಡೆಯುವುದು 1546ರಲ್ಲಿ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಸಭೆ ಹೇಳಿದ ಮಾತು: ದೀಕ್ಷಾಸ್ನಾನ ಜನ್ಮಪಾಪವನ್ನು ತೊಳೆಯುತ್ತದೆ, ಕೆಟ್ಟದರ ಸೆಳೆತ ಮಾತ್ರ ಉಳಿಯುತ್ತದೆ. ಆ ಸೆಳೆತವೂ ಪಾಪವೇ ಅಂದವರು ಪ್ರೊಟೆಸ್ಟೆಂಟ್ ಪಂಥಕ್ಕೆ ದಾರಿ ಹಾಕಿದ ಲೂಥರ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಬೇರು ಆ ಕಡೆಯದು. ಮೂಡಣ ಗುಡ್ಡಗಳಿಗೆ ತಿರುವಾಂಕೂರಿನಿಂದ ಬಂದ ಕ್ರೈಸ್ತರು ದೀಕ್ಷಾಸ್ನಾನಕ್ಕೆ ಮಾಮೋದೀಸ ಅನ್ನುತ್ತಾರೆ. ಅವರಲ್ಲಿ ಆರ್ಥೊಡಾಕ್ಸ್ ಸಭೆಯವರನ್ನು ಕೇಳಿದರೆ ಆದಾಮನಿಂದ ಬಂದದ್ದು ಸಾವು, ಅಪರಾಧವಲ್ಲ ಎಂದಾರು. ಪೆಂಟೆಕೋಸ್ಟಿನವರು ಕೂಸಿಗೆ ನೀರು ಹಾಕುವುದೇ ಇಲ್ಲ. ದೊಡ್ಡವನಾಗಿ ನಂಬಿದ ಮೇಲೆ ಪೂರ್ತಿ ಮುಳುಗಿಸುತ್ತಾರೆ.

ಹಾಗಾದರೆ ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸುಗಳ ಗತಿ? ಅಗಸ್ಟೀನರ ಉತ್ತರ ಕಠಿಣ: ಶಿಕ್ಷೆ ತಪ್ಪದು, ಆದರೆ ಅತಿ ಹಗುರದ್ದು. ಆಮೇಲಿನವರು ಲಿಂಬೊ ಎಂಬ ನೋವಿಲ್ಲದ ಜಾಗ ಹುಡುಕಿದರು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ, ಅವೂ ದೇವರನ್ನು ಸೇರುತ್ತವೆ ಎಂದು ಆಶಿಸಲು ಆಧಾರವಿದೆ ಎಂದಿತು. ಇದನ್ನು ಅಜ್ಜಿಗೆ ಹೇಳಿದೆ. "ಇರಬಹುದು ಮಗಾ" ಎಂದರು. ಮಳೆ ಬಿಟ್ಟ ಮೇಲೆ ಮಾಡುವ ಅಂದ ಸೊಸೆಯ ಮಾತು ಕೇಳದೆ, ಈ ಜಡಿಮಳೆಯಲ್ಲಿ ಕೂಸನ್ನು ಇಗರ್ಜಿಗೆ ತಂದವರು ಅವರೇ.