ಚೀಟಿ ಎತ್ತಿದ ಮೇಲೆ ಪಟ್ಟಿ ತಿದ್ದಬೇಡಿ

ಬಡವರಿಗೆಂದು ಮಾಡಿದ ಯೋಜನೆಯಿಂದ ನಿಜಕ್ಕೂ ಏನಾಯಿತು ಎಂದು ಅಳೆದುಕೊಡುವುದು ನನ್ನ ಕಸುಬು. ದಾವಣಗೆರೆಯಲ್ಲಿ ಕೂತು ಎಷ್ಟೋ ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಚೀಟಿ ಎತ್ತಿ ಯಾರಿಗೆ ಕೊಡುವುದು ಅಂತ ತೀರ್ಮಾನಿಸೋಣ ಎಂದರೆ ಹಳ್ಳಿಯವರು ತಕರಾರಿಲ್ಲದೆ ಒಪ್ಪುತ್ತಾರೆ. ಒಪ್ಪದವರು ಸಂಸ್ಥೆ ನಡೆಸುವವರು. ಒಪ್ಪಿದರೂ ಆಮೇಲೆ ಕೈ ಸುಮ್ಮನಿರುವುದಿಲ್ಲ.

ಜಗಳೂರು ಕಡೆ ಒಂದು ಸಂಸ್ಥೆ ಮೇಕೆ ಹಂಚುವುದಿತ್ತು. ಅರ್ಜಿ 400, ದುಡ್ಡು 200 ಮನೆಗೆ. ಶಾಲೆಯ ಹುಡುಗಿಯೊಬ್ಬಳು ಮಂಡಕ್ಕಿ ಡಬ್ಬದಿಂದ ಎಲ್ಲರೆದುರೇ ಚೀಟಿ ಎತ್ತಿದಳು. ಆರು ತಿಂಗಳ ಮೇಲೆ ನೋಡಿದರೆ ಮೇಕೆ ಪಡೆದವರಲ್ಲಿ 18 ಹೆಸರು ಬೇರೆ! ಕಾರ್ಯಕರ್ತೆಯನ್ನು ಕೇಳಿದೆ. "ಸಾರ್, ಆಯಮ್ಮ ಗಂಡ ಸತ್ತಾಕಿ, ಎರಡು ಸಣ್ಣ ಮಕ್ಳು. ಚೀಟಿ ಬರ್ಲಿಲ್ಲ ಅಂತ ಹೆಂಗೆ ಬಿಡ್ಲಿ?" ಬೈಯಲು ಬಾಯಿ ಬರಲಿಲ್ಲ. ಉಳಿದ ಕೆಲವರನ್ನು ಮಾತ್ರ "ಚೆನ್ನಾಗಿ ಸಾಕ್ತಾರೆ" ಎಂದು ಕಾರ್ಯದರ್ಶಿಯೇ ಸೇರಿಸಿದ್ದರು.

ಚೀಟಿ ಎತ್ತುವುದು ಜಗಳ ತಪ್ಪಿಸಲಿಕ್ಕೆ ಎಂದೇ ಎಲ್ಲರೂ ತಿಳಿದಿದ್ದಾರೆ. ಅಲ್ಲ. ಚೀಟಿ ಬಂದವರಲ್ಲೂ ಬಾರದವರಲ್ಲೂ ವಿಧವೆಯರು, ಬೋರ್‌ವೆಲ್ ಇರುವವರು, ಕುಡುಕ ಗಂಡನನ್ನು ಕಟ್ಟಿಕೊಂಡವರು, ಚುರುಕಿನವರು ಹೆಚ್ಚುಕಡಿಮೆ ಅಷ್ಟಷ್ಟೇ ಇರಲಿ ಎಂದು ಅದು. ಮಳೆ ಬಂದರೆ ಇಬ್ಬರಿಗೂ ಬಂತು, ಹೋದರೆ ಇಬ್ಬರಿಗೂ ಹೋಯಿತು. ವರ್ಷದ ಮೇಲೆ ಇಬ್ಬರ ಆದಾಯದಲ್ಲಿ ಅಂತರ ಕಂಡರೆ ಅದನ್ನು ಮೇಕೆಯ ಲೆಕ್ಕಕ್ಕೆ ಬರೆಯಬಹುದು. (400 ಅರ್ಜಿ ಇದ್ದುದಕ್ಕೆ ಈ ಮಾತು. 30 ಇದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳಲಾರೆ.) ಚುರುಕಿನವರನ್ನು ಮೇಕೆಯ ಕಡೆಗೆ ಎಳೆದುಕೊಂಡಿರೋ, ಮೇಕೆ ಇಲ್ಲದೆಯೂ ಅವರು ದುಡಿಯುತ್ತಿದ್ದ ಹಣ ಮೇಕೆಯ ಹೆಸರಿಗೆ ಜಮಾ ಆಗುತ್ತದೆ. ತೀರಾ ಕಷ್ಟದವರನ್ನು ಎಳೆದುಕೊಂಡರೆ ಮೇಕೆಯ ಲಾಭ ಮುಚ್ಚಿಹೋಗುತ್ತದೆ. "ಎರಡೂ ಸೇರಿ ಸರಿಹೋಗುತ್ತಲ್ಲ?" ಎಂದರು ಕಾರ್ಯದರ್ಶಿ. ಯಾವುದು ಎಷ್ಟು ಎಂದು ಯಾರಿಗೆ ಗೊತ್ತು ಸ್ವಾಮಿ!

ಆಗ ಇನ್ನೊಂದು ಸಲಹೆ ಬಂತು: ಮೇಕೆ ಪಡೆದವರನ್ನು ಪಡೆಯದವರ ಜೊತೆ ಹೋಲಿಸಿಬಿಡಿ. ಅದೂ ಆಗದು. ಮೇಕೆ ಸಿಗಲಿ, ಬಿಡಲಿ, ಚೀಟಿ ಯಾವ ಕಡೆ ಬಿತ್ತೋ ಆ ಮನೆ ಆ ಕಡೆಯ ಲೆಕ್ಕಕ್ಕೇ. ಹೈದರಾಬಾದಿನಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಜೊತೆಗಾರರು 104 ಬಡ ಬಡಾವಣೆಗಳಲ್ಲಿ 52ನ್ನು ಹೀಗೇ ಆರಿಸಿ ಕಿರುಸಾಲದ ಶಾಖೆ ತೆರೆಸಿದ್ದರು. ಸಾಲ ಪಡೆದವರನ್ನಷ್ಟೇ ಹೆಕ್ಕಲಿಲ್ಲ. ಪಡೆದಿರಲಿ, ಬಿಡಲಿ, ಬಡಾವಣೆಗೆ ಬಡಾವಣೆಯನ್ನೇ ಹೋಲಿಸಿದರು. ಸಾಲಕ್ಕೆ ಮುಂದೆ ಬರುವವರು ಮೊದಲೇ ಬೇರೆ ಥರದ ಜನ, ಅದಕ್ಕೆ. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಣ್ಣ ವ್ಯಾಪಾರಕ್ಕೆ ಹಾಕಿದ ಬಂಡವಾಳ ಹೆಚ್ಚಿತು, ಮನೆಯ ಒಟ್ಟು ಖರ್ಚು ಮಾತ್ರ ಹೇಳಿಕೊಳ್ಳುವಷ್ಟು ಏರಲಿಲ್ಲ. ಪೇಟೆಯ ಸಾಲದ ಈ ಮಾತನ್ನು ಜಗಳೂರಿನ ಮೇಕೆಗೆ ಅಂಟಿಸಬೇಡಿ, ಮತ್ತೆ.

ಆ ತಾಯಿಗೆ ಮೇಕೆ ಕೊಡಬೇಡಿ ಎಂದು ನಾನೆಲ್ಲಿ ಹೇಳಿದೆ? ಚೀಟಿಗೆ ಮೊದಲೇ ಕೊಡಿ, ಲೆಕ್ಕದಿಂದ ಹೊರಗಿಡಿ. ಚೀಟಿ ಬಾರದವರಿಗೆ ಮುಂದಿನ ಕಂತಿನಲ್ಲಿ ಕೊಡಿ. ಬಡ ಮನೆಗಳಿಗೆ ಹಣ ಕೊಡುತ್ತಿದ್ದ ಮೆಕ್ಸಿಕೋದ 'ಪ್ರೊಗ್ರೆಸಾ' ಯೋಜನೆಯ ಅಧ್ಯಯನದಲ್ಲಿದ್ದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು ಹಣ ಹೋಯಿತು, 186ಕ್ಕೆ ಆಮೇಲೆ. ಕಾದವರಿಗೂ ಸಿಕ್ಕಿತು, ಲೆಕ್ಕವೂ ಉಳಿಯಿತು.

ಮೊನ್ನೆ ಅದೇ ಕಾರ್ಯಕರ್ತೆ ಫೋನ್ ಮಾಡಿದ್ದರು. "ಸಾರ್, ಈ ಸಲ ಚೀಟಿಗೆ ಮೊದ್ಲೇ 25 ಮನೆ ಪಕ್ಕಕ್ಕಿಡ್ತೀನಿ." ಇಡಮ್ಮ, ಬರೆದಿಟ್ಟು ಸಹಿ ಹಾಕಿಸು ಎಂದೆ.