ದೂರದಿಂದಲೇ ಅನಿಲ ಪತ್ತೆ: ಲೇಸರ್ ಕೊಡುವ ಸಂಖ್ಯೆಯನ್ನು ಓದುವುದು ಹೇಗೆ?

ಗೋಡೆಯತ್ತ ಲೇಸರ್ ಬಿಟ್ಟರೆ ನಡುವಿನ ಗಾಳಿಯಲ್ಲಿ ಮೀಥೇನ್ ಎಷ್ಟಿದೆ ಎಂದು ಹೇಳುವ ಸಾಧನಗಳಿವೆ. ಹತ್ತಿರ ಹೋಗಬೇಕಿಲ್ಲ, ಸ್ಯಾಂಪಲ್ ತೆಗೆಯಬೇಕಿಲ್ಲ. ತತ್ವ ಸುಲಭ. ಗೊಂದಲ ಆಗುವುದು ಅದು ತೋರಿಸುವ ಸಂಖ್ಯೆಯಲ್ಲಿ.

ಮೊದಲು ತತ್ವ. ಒಂದೊಂದು ಅಣುವೂ ತನ್ನ ಕಂಪನಕ್ಕೆ ಹೊಂದುವ ಇನ್‌ಫ್ರಾರೆಡ್ ಬೆಳಕನ್ನಷ್ಟೇ ಹೀರುತ್ತದೆ. ಮೀಥೇನ್‌ಗೆ ಅದು ಮುಖ್ಯವಾಗಿ ಸುಮಾರು 3.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತರಂಗಾಂತರ, ಕಾರ್ಬನ್ ಡೈಆಕ್ಸೈಡ್‌ಗೆ 4.3, ಕಾರ್ಬನ್ ಮಾನಾಕ್ಸೈಡ್‌ಗೆ 4.6. ಗಾಳಿಯಲ್ಲಿ ಜಾಸ್ತಿ ಇರುವ ನೈಟ್ರೋಜನ್, ಆಕ್ಸಿಜನ್ ಹೆಚ್ಚುಕಡಿಮೆ ಏನನ್ನೂ ಹೀರುವುದಿಲ್ಲ. ಕಾಟ ಕೊಡುವುದು ನೀರಾವಿ.

ಹಾಗಾದರೆ ಮೀಥೇನ್‌ಗೆ 3.3 ಮೈಕ್ರಾನ್ ಲೇಸರನ್ನೇ ಬಳಸಬಹುದಲ್ವಾ? ಬಳಸುತ್ತಾರೆ. ಆದರೆ ಕೈಯಲ್ಲಿ ಹಿಡಿಯುವ ಎಷ್ಟೋ ಸಾಧನಗಳು 1.65 ಮೈಕ್ರಾನ್‌ನಲ್ಲಿ ಕೆಲಸ ಮಾಡುತ್ತವೆ. ಅಲ್ಲೂ ಮೀಥೇನ್ ಬೆಳಕನ್ನು ಹೀರುತ್ತದೆ, ಆದರೆ ಹೀರುವಿಕೆ ನೂರು ಪಟ್ಟಿಗೂ ಹೆಚ್ಚು ದುರ್ಬಲ. ಆದರೂ ಫೈಬರ್ ಸಂಪರ್ಕಕ್ಕಾಗಿ ಬೆಳೆದ ಡಯೋಡ್ ಲೇಸರ್ ತಂತ್ರಜ್ಞಾನ ಅಲ್ಲಿ ಸಲೀಸಾಗಿ ಒದಗುತ್ತದೆ. ಉದ್ದ ತರಂಗಾಂತರಗಳ ಕಡೆ ದಾರಿ ತೆರೆದದ್ದು 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿ ತೋರಿಸಿದ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಎಂಬ ಬೇರೆ ಬಗೆಯ ಸೆಮಿಕಂಡಕ್ಟರ್ ಲೇಸರ್.

ಈಗ ಒಂದು ತೊಡಕು. ವಾಪಸ್ ಬಂದ ಬೆಳಕು ಕಡಿಮೆಯಾಗಿದ್ದರೆ ಅದನ್ನು ತಿಂದದ್ದು ಅನಿಲವೋ, ಕಪ್ಪು ಗೋಡೆಯೋ? ಒಂದೇ ತರಂಗಾಂತರ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಲೇಸರಿನ ಕರೆಂಟನ್ನು ಸಣ್ಣದಾಗಿ ಏರಿಳಿಸಿ, ತರಂಗಾಂತರವನ್ನು ಹೀರುವ ರೇಖೆಯ (ಅನಿಲ ಹೀರುವ ಆ ಕಿರಿದಾದ ತರಂಗಾಂತರದ) ಆಚೆ ಈಚೆ ಓಡಾಡಿಸುತ್ತಾರೆ. ಒಂದು ಆವರ್ತದಲ್ಲಿ ಬೆಳಕು ರೇಖೆಯನ್ನು ಎರಡು ಸಲ ದಾಟುತ್ತದೆ. ಹಾಗಾಗಿ ಅನಿಲದ ಗುರುತು ಎರಡು ಪಟ್ಟು ಆವರ್ತನದಲ್ಲಿ ಮೂಡುತ್ತದೆ. ಅದನ್ನು ಮೂಲ ಆವರ್ತನದ ಸಿಗ್ನಲ್‌ನಿಂದ (ಇದು ವಾಪಸ್ ಬಂದ ಒಟ್ಟು ಬೆಳಕಿಗೆ ತಕ್ಕಂತೆ ಇರುತ್ತದೆ) ಭಾಗಿಸಿದರೆ ಗೋಡೆಯ ಬಣ್ಣ, ಧೂಳು ಎಲ್ಲ ಬಹುಪಾಲು ರದ್ದು. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ ಇದೇ.

ಇನ್ನು ಆ ಸಂಖ್ಯೆ. ಸಾಧನ ತೋರಿಸುವುದು ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನಿಲ ಎಂಬುದು) ಅಲ್ಲ, ಪಿಪಿಎಂ-ಮೀಟರ್. ಅಂದರೆ ಸಾಂದ್ರತೆಯನ್ನು ಬೆಳಕು ಸಾಗಿದ ದೂರದಿಂದ ಗುಣಿಸಿದ್ದು. ಸೋರಿಕೆಯೇ ಇಲ್ಲದ ಗಾಳಿಯಲ್ಲೂ ಸುಮಾರು 1.9 ಪಿಪಿಎಂ ಮೀಥೇನ್ ಇರುತ್ತದೆ. ಗೋಡೆ 25 ಮೀಟರ್ ದೂರವಿದ್ದರೆ ಬೆಳಕು ಹೋಗಿಬರುವುದು 50 ಮೀಟರ್. ಸುಮ್ನೆ ಅಷ್ಟಕ್ಕೇ 95 ಬಂತು! ಇದನ್ನು ನೋಡಿ ಗಾಬರಿಯಾಗಬೇಡಿ.

ಸೋರಿಕೆ ಇದೆ ಅಂದುಕೊಳ್ಳಿ. ಅರ್ಧ ಮೀಟರ್ ದಪ್ಪದ ಅನಿಲದ ಮೋಡ, ಸಾಂದ್ರತೆ 1000 ಪಿಪಿಎಂ. ಬೆಳಕು ಎರಡು ಸಲ ಹಾಯುವುದರಿಂದ ಮೋಡದ ಪಾಲು 1000 ಪಿಪಿಎಂ-ಮೀಟರ್. 10 ಸೆಂಟಿಮೀಟರ್ ದಪ್ಪದ, 5000 ಪಿಪಿಎಂ ಮೋಡವೂ ಅಷ್ಟನ್ನೇ ಕೊಡುತ್ತದೆ. ಎರಡರಲ್ಲಿ ಯಾವುದು ಎಂದು ಈ ಅಳತೆಯೊಂದರಿಂದಲೇ ತಿಳಿಯುವುದಿಲ್ಲ. ಮೀಥೇನ್ ಹೊತ್ತಿಕೊಳ್ಳುವ ಕೆಳಮಿತಿ ಗಾಳಿಯಲ್ಲಿ ಸುಮಾರು ಶೇ. 5, ಅಂದರೆ 50,000 ಪಿಪಿಎಂ. ಪಿಪಿಎಂ-ಮೀಟರ್ ಸಂಖ್ಯೆಯನ್ನು ನೇರವಾಗಿ ಇದರ ಪಕ್ಕ ಇಟ್ಟು ಹೋಲಿಸುವುದು ತಪ್ಪು.

ಅನಿಲ ಎಲ್ಲಿದೆ ಎಂದೂ ಗೊತ್ತಾಗಬೇಕಾದರೆ ಡಯಲ್ (DIAL, ಡಿಫರೆನ್ಷಿಯಲ್ ಅಬ್ಸಾರ್ಪ್ಷನ್ ಲೈಡಾರ್) ಎಂಬ ವಿಧಾನವಿದೆ. ಇಲ್ಲಿ ಚಿಕ್ಕ ಚಿಕ್ಕ ಪಲ್ಸ್‌ಗಳನ್ನು ಎರಡು ತರಂಗಾಂತರಗಳಲ್ಲಿ ಬಿಡುತ್ತಾರೆ: ಒಂದು ಅನಿಲ ಹೀರುವಂಥದ್ದು, ಇನ್ನೊಂದು ಹೀರದಂಥದ್ದು. ಗಾಳಿಯ ಧೂಳಿನ ಕಣಗಳಿಂದ ಚದುರಿ ಬಂದ ಬೆಳಕಿನ ಸಮಯ ನೋಡಿದರೆ ದೂರ ಸಿಗುತ್ತದೆ. ಒಂದು ಮೈಕ್ರೋಸೆಕೆಂಡ್ ತಡವಾದರೆ 150 ಮೀಟರ್. ಎರಡು ಸಿಗ್ನಲ್‌ಗಳ ಅಂತರ ಎಲ್ಲಿಂದ ಹೆಚ್ಚತೊಡಗುತ್ತದೋ ಅಲ್ಲಿಂದ ಮೋಡ ಶುರು. ಅಂತರ ಹೆಚ್ಚುವುದು ನಿಂತಲ್ಲಿಗೆ ಮೋಡ ಮುಗಿಯಿತು. ಎರಡೂ ಪಲ್ಸ್‌ಗಳು ಬೆನ್ನುಬೆನ್ನಿಗೇ ಹೋಗಬೇಕು. ತಡವಾದರೆ ಅಷ್ಟರಲ್ಲಿ ಧೂಳೇ ಜಾಗ ಬದಲಿಸಿ, ಇಲ್ಲದ ಅನಿಲವನ್ನು ತೋರಿಸಿಬಿಡುತ್ತದೆ.